ಹಿಂದೆ ಬರುವವರ ಕೈಗೆ

ರಗ್ಬಿ ನಮ್ಮ ಊರುಗಳಿಗೆ ಅಷ್ಟಾಗಿ ಪರಿಚಯವಿಲ್ಲದ ಆಟ. ಮೊಟ್ಟೆಯಾಕಾರದ ಚೆಂಡನ್ನು ಎತ್ತಿಕೊಂಡು ಓಡಬಹುದು, ಒದೆಯಲೂಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕದವರಿಗೋ ಹಿಂದೆ ಬರುವವರಿಗೋ ಮಾತ್ರ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ‘ಟ್ರೈ’.

ಈ ಆಟದ ಮೊದಲ ಅಂತರರಾಷ್ಟ್ರೀಯ ಪಂದ್ಯ 1871ರ ಮಾರ್ಚ್ 27ರಂದು ಎಡಿನ್‌ಬರೋದಲ್ಲಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ನಡೆಯಿತು. ಆಗ ತಂಡಕ್ಕೆ 20 ಜನ. ಆಟದ ಬಹುಪಾಲು ಗುಂಪಾಗಿ ತಳ್ಳಾಡುವುದೇ ಆಗಿತ್ತು. ಚೆಂಡು ಸಿಕ್ಕವನು ತಾನು ಬೀಳುವವರೆಗೂ ಅದನ್ನು ಬಿಡುತ್ತಿರಲಿಲ್ಲ.

ಈ ರೂಢಿಯನ್ನು ಬದಲಿಸಿದವರಲ್ಲಿ ಹ್ಯಾರಿ ವ್ಯಾಸಲ್ ಪ್ರಮುಖರು. 1860ರಲ್ಲಿ ಹುಟ್ಟಿದ ಅವರು ಮಾರ್ಲ್‌ಬರೋ ಶಾಲೆಯಲ್ಲಿ, ಅನಂತರ ಆಕ್ಸ್‌ಫರ್ಡ್‌ನಲ್ಲಿ ಓದಿದರು. 1881ರ ಫೆಬ್ರವರಿ 19ರಂದು ವೇಲ್ಸ್ ತನ್ನ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದಾಗ, ಇಂಗ್ಲೆಂಡ್ ಪರ ವ್ಯಾಸಲ್ ಅವರಿಗೂ ಅದೇ ಮೊದಲ ಪಂದ್ಯ. ಇಂಗ್ಲೆಂಡ್ ಗಳಿಸಿದ 13 ಟ್ರೈಗಳಲ್ಲಿ ಮೂರು ಅವರವು. ಆದರೂ ದೇಶಕ್ಕಾಗಿ ಅವರು ಆಡಿದ್ದು ಒಟ್ಟು ಐದೇ ಪಂದ್ಯ.

ಅವರ ದೊಡ್ಡ ಕೆಲಸ ಆಕ್ಸ್‌ಫರ್ಡ್ ತಂಡದ ನಾಯಕರಾಗಿ ನಡೆಯಿತು. ಚೆಂಡನ್ನು ಹಿಡಿದುಕೊಂಡು ಬೀಳುವುದಕ್ಕಿಂತ, ಬೀಳುವ ಮೊದಲೇ ಜೊತೆಯವನಿಗೆ ಕೊಡುವುದು ಲೇಸೆಂದು ಅವರು ತಂಡಕ್ಕೆ ಕಲಿಸಿದರು. ಮುಂದಿನ ಸಾಲಿನವರೂ ಹಿಂದಿನ ಸಾಲಿನವರೂ ಕೈಯಿಂದ ಕೈಗೆ ಚೆಂಡು ದಾಟಿಸುತ್ತಾ ಮೈದಾನದ ಅಗಲವನ್ನೆಲ್ಲ ಬಳಸಿ ಆಡತೊಡಗಿದರು. ಇಂದಿನ ರಗ್ಬಿಯ ಬೇರು ಅಲ್ಲಿದೆ.

ಆಮೇಲೆ ವ್ಯಾಸಲ್ ಡರ್ಬಿಶೈರ್‌ನ ರೆಪ್ಟನ್ ಶಾಲೆಗೆ ಮೇಷ್ಟ್ರಾಗಿ ಹೋದರು. 1557ರಲ್ಲಿ ಸ್ಥಾಪನೆಯಾದ ಆ ಶಾಲೆ ಹೆಸರಾಗಿದ್ದದ್ದು ರಗ್ಬಿಗಲ್ಲ, ಕಾಲ್ಚೆಂಡಾಟಕ್ಕೆ. ತನ್ನ ಆಟವೇ ಮುಖ್ಯವಲ್ಲದ ಕಡೆ ಅವರು ದೀರ್ಘಕಾಲ ದುಡಿದರು. ಶಾಲೆಯ ಹಣಕಾಸಿನ ಹೊಣೆಯನ್ನೂ ಹೊತ್ತರು. 1926ರಲ್ಲಿ ತೀರಿಕೊಂಡರು.

ದಾಖಲೆ ಪುಸ್ತಕದಲ್ಲಿ ಅವರ ಮೂರು ಟ್ರೈಗಳಿವೆ. ಅವರು ಬೇರೆಯವರಿಗೆ ದಾಟಿಸಿದ ಚೆಂಡುಗಳ ಲೆಕ್ಕವಿಲ್ಲ, ಕಲಿಸಿದ ಪಾಠಗಳ ಲೆಕ್ಕವಂತೂ ಇಲ್ಲವೇ ಇಲ್ಲ. ನಮ್ಮ ಶಾಲೆಗೂ ಈ ಮಾತು ಅನ್ವಯಿಸುತ್ತದೆ. ಹೆಚ್ಚು ಅಂಕ ಪಡೆದವರ ಹೆಸರು ಫಲಕದ ಮೇಲಿರುತ್ತದೆ. ವರ್ಗಾವಣೆಯಾಗಿ ಬಂದು, ಕಲಿಸಿ, ವರ್ಗಾವಣೆಯಾಗಿ ಹೋದವರ ಹೆಸರು ಹಾಜರಿ ಪುಸ್ತಕದೊಂದಿಗೆ ಮೂಲೆ ಸೇರುತ್ತದೆ. ಈ ಸುವರ್ಣ ಮಹೋತ್ಸವದ ನೆಪದಲ್ಲಾದರೂ, 50 ವರ್ಷಗಳಲ್ಲಿ ಇಲ್ಲಿ ಪಾಠ ಮಾಡಿದ ಎಲ್ಲ ಗುರುಗಳ ಹೆಸರು, ವಿಷಯ ಮತ್ತು ಸೇವಾವಧಿಯ ಪಟ್ಟಿಯೊಂದನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಸಿದ್ಧಪಡಿಸೋಣ. ಅದು ಫಲಕದ ಪಕ್ಕದಲ್ಲೇ ಇರಲಿ.