ಗುಮಾಸ್ತರ ಬೆರಳು, ವಕೀಲರ ಸಹಿ

ಮಂಗಳೂರಿನ ನ್ಯಾಯಾಲಯಗಳ ಚರಿತ್ರೆ ಹೇಳುವವರು ದೊಡ್ಡ ವಕೀಲರ ಹೆಸರಿನಿಂದ ಮಾತು ಆರಂಭಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕೆನರಾ ಹೈಸ್ಕೂಲನ್ನೂ, 1906ರಲ್ಲಿ ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನೂ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ದಲಿತ ಮಕ್ಕಳ ಶಾಲೆಗಾಗಿ ಬದುಕನ್ನೇ ತೆತ್ತ ಕುದ್ಮುಲ್ ರಂಗರಾವ್ ವಕೀಲರು. ಸ್ವಾತಂತ್ರ್ಯ ಚಳವಳಿಗೆ ಆಸ್ತಿಯನ್ನೆಲ್ಲ ಸುರಿದ ಕಾರ್ನಾಡ್ ಸದಾಶಿವರಾವ್ ಕೂಡ ವಕೀಲರೇ. ಆದರೆ ಆ ಕಾಲದ ವಕೀಲಿ ಕಚೇರಿಗಳ ಒಳಗೆ ಕೆಲಸ ಹೇಗೆ ಸಾಗುತ್ತಿತ್ತು, ಹೊಸ ಯಂತ್ರ ಬಂದಾಗ ಅದನ್ನು ಯಾರು ಕಲಿತರು ಎಂಬ ಮಾತು ಬರುವುದು ಕಡಿಮೆ. ಫಳ್ನೀರಿನಲ್ಲಿ ಕಚೇರಿ ಇಟ್ಟುಕೊಂಡು ವಕೀಲಿ ಮಾಡುತ್ತಿರುವ ನನಗೆ ಈಚೆಗೆ ಅದೇ ಮುಖ್ಯ ಪ್ರಶ್ನೆಯಾಗಿ ಕಾಣುತ್ತಿದೆ.

ಫಳ್ನೀರಿನಿಂದ ನಡೆದೇ ಹೋಗಬಹುದಾದ ಬಲ್ಮಠದಲ್ಲಿ ಬಾಸೆಲ್ ಮಿಶನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಅಚ್ಚಿನ ಯಂತ್ರ ಊರಿಗೆ ಬಂದ ಮೇಲೂ ವಕೀಲರ ವಾದಪತ್ರ ಬಹುಕಾಲ ಕೈಬರಹದಲ್ಲೇ ಉಳಿಯಿತು. ಕಕ್ಷಿದಾರ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ತನ್ನ ಕಷ್ಟ ಹೇಳಬೇಕು, ಕೆಳಗಿನ ಕೋರ್ಟಿಗೆ ಅದು ಕನ್ನಡದಲ್ಲಿ ಹೋಗಬೇಕು, 1956ರವರೆಗೆ ಮೇಲ್ಮನವಿಯಾದರೆ ಇಂಗ್ಲಿಷಿನಲ್ಲಿ ಮದ್ರಾಸಿಗೆ ಹೋಗಬೇಕು. ಇಷ್ಟು ಭಾಷೆಗಳ ನಡುವೆ ಕಾಗದವನ್ನು ಹದಕ್ಕೆ ತರುತ್ತಿದ್ದವರು ಗುಮಾಸ್ತರು. ಟೈಪ್‌ರೈಟರ್ ಬಂದಾಗಲೂ ಅದು ಹೋಗಿ ಕೂತದ್ದು ಗುಮಾಸ್ತರ ಮೇಜಿನ ಮೇಲೆ. ವಕೀಲರು ಬಾಯಲ್ಲಿ ಹೇಳುತ್ತಿದ್ದರು, ಅವರು ಕುಟ್ಟುತ್ತಿದ್ದರು. ಈ ಏರ್ಪಾಡಿನಿಂದ ಕಕ್ಷಿದಾರನಿಗೆ ನಷ್ಟವಾಗುತ್ತಿರಲಿಲ್ಲ. ಕಾಗದ ಯಾರ ಬೆರಳಿನಿಂದ ಮೂಡಿತು ಎಂದು ಕಾನೂನು ಕೇಳುತ್ತಿರಲಿಲ್ಲವಷ್ಟೆ.

ಗಣಕಯಂತ್ರ ನಮ್ಮ ಕಡತಗಳೊಳಗೆ ಬಂದದ್ದು ಹಿಂಬಾಗಿಲಿನಿಂದ. 2000ದಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆ ತಂದ ಮೇಲೆ ಶ್ಯಾನುಭೋಗರ ಕೈಬರಹದ ಪಹಣಿ ಹೋಗಿ ಮುದ್ರಿತ ಆರ್‌ಟಿಸಿ ಬಂತು. ಅದೇ ಕಾಲಕ್ಕೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಜಿ.ಸಿ. ಭರೂಕಾ ಅವರು ಕೋರ್ಟುಗಳ ಗಣಕೀಕರಣಕ್ಕೆ ದುಡಿಯುತ್ತಿದ್ದರು. ಮುಂದೆ ಅವರೇ ಸುಪ್ರೀಂ ಕೋರ್ಟಿನ ಇ-ಸಮಿತಿಯ ಮೊದಲ ಅಧ್ಯಕ್ಷರಾದರು. 2005ರಲ್ಲಿ ಆ ಸಮಿತಿ ಕೊಟ್ಟ ನೀಲನಕ್ಷೆಯೇ ಇ-ಕೋರ್ಟ್ಸ್ ಯೋಜನೆಗೆ ತಳಹದಿ. ಇಂದು ಜಿಲ್ಲಾ ಕೋರ್ಟುಗಳ ಪ್ರತಿಯೊಂದು ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ವಿಚಾರಣೆಯ ತಾರೀಕು ಕಕ್ಷಿದಾರನ ಫೋನಿನಲ್ಲೇ ಕಾಣುತ್ತದೆ. 2020ರ ಲಾಕ್‌ಡೌನಿನಲ್ಲಿ ಕೋರ್ಟು ಪರದೆಯ ಮೇಲೆ ಬಂದಾಗ ಇ-ಸಮಿತಿ ವಕೀಲರಲ್ಲೇ ಕೆಲವರನ್ನು ಮಾಸ್ಟರ್ ಟ್ರೇನರ್‌ಗಳಾಗಿ ಸಜ್ಜುಗೊಳಿಸಿತು. 2023ರಲ್ಲಿ ಒಪ್ಪಿಗೆಯಾದ ಮೂರನೆಯ ಹಂತದ ವೆಚ್ಚ 7,210 ಕೋಟಿ ರೂಪಾಯಿ. ಆದರೆ ಸನದು ಪಡೆದ ವಕೀಲರು ಆಮೇಲೂ ಕಲಿಯುತ್ತಲೇ ಇರಬೇಕು ಎಂಬ ಷರತ್ತು 1961ರ ವಕೀಲರ ಅಧಿನಿಯಮದಲ್ಲಿಲ್ಲ. ತರಬೇತಿಗೆ ಬಂದವರು ಬಂದರು, ಉಳಿದವರು ಗುಮಾಸ್ತರತ್ತ ನೋಡಿದರು.

ಕನ್ನಡದ್ದೇ ಒಂದು ತೊಡಕೂ ಇದೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಕನ್ನಡ ಮೂಡಿಸುವ ವಿನ್ಯಾಸ ಕೊಟ್ಟವರು ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್. 'ನುಡಿ' ತಂತ್ರಾಂಶ ಅದನ್ನೇ ಅಳವಡಿಸಿಕೊಂಡಿತು. ಆದರೆ ನುಡಿಯ ಹಳೆಯ ಅಕ್ಷರಶೈಲಿಗಳು ರೋಮನ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತವೆ. ಕಾಗದದ ಮೇಲೆ ಚಂದ ಕಾಣುವ ಆ ಬರಹದಲ್ಲಿ ಗಣಕಕ್ಕೆ 'ಮೂಲಗೇಣಿ' ಎಂಬ ಪದವನ್ನು ಹುಡುಕಲು ಹೇಳಿದರೆ ಅದಕ್ಕೆ ಸಿಗುವುದಿಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಸಿಗುತ್ತದೆ. ಹುಡುಕಲು ಬರುವ ಪಿಡಿಎಫ್ ಬೇಕಾದ ಇ-ಫೈಲಿಂಗ್ ಕಾಲದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ತಿಳಿಯದೆ ಎಷ್ಟೋ ಕಚೇರಿಗಳು ಅದೇ ಕಡತವನ್ನು ಎರಡೆರಡು ಸಲ ಟೈಪ್ ಮಾಡಿಸುತ್ತಿವೆ.

ಸಮಯ ಹೋದರೆ ಸಹಿಸಬಹುದು, ಕೇಸೇ ಹೋದರೆ ಕಷ್ಟ. 2000ದ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯೊಂದಿಗೆ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಮು ಸೇರಿತು. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಬೇಕು ಎಂಬುದು ಅದರ ಸಾರ. ಅದರ ಬಿಗಿ ಎಲ್ಲರಿಗೂ ತಟ್ಟಿದ್ದು 2014ರ ಸೆಪ್ಟೆಂಬರ್ 18ರಂದು. ಪಕ್ಕದ ಕೇರಳದ 2011ರ ಚುನಾವಣೆಯೊಂದರ ತಕರಾರಿನಲ್ಲಿ ಅರ್ಜಿದಾರ ಪಿ.ವಿ. ಅನ್ವರ್ ಪ್ರಚಾರದ ಹಾಡು, ಭಾಷಣಗಳ ಸಿಡಿಗಳನ್ನು ಒಪ್ಪಿಸಿದ್ದರು, ಪ್ರಮಾಣಪತ್ರ ಇರಲಿಲ್ಲ. ಸುಪ್ರೀಂ ಕೋರ್ಟ್ ಆ ಸಿಡಿಗಳನ್ನು ಸಾಕ್ಷ್ಯವಾಗಿ ಪರಿಗಣಿಸಲಿಲ್ಲ. 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಅದೇ ನಿಯಮವನ್ನು ಎತ್ತಿಹಿಡಿಯಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಒಂದು ಹೆಜ್ಜೆ ಮುಂದೆ ಹೋಗಿದೆ. ಪ್ರಮಾಣಪತ್ರಕ್ಕೆ ಈಗ ಎರಡು ಭಾಗ: ಒಂದನ್ನು ದಾಖಲೆ ಒಪ್ಪಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಜೊತೆಗೆ ಕಡತದ 'ಹ್ಯಾಶ್' ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಳಗಿನ ಒಂದು ಅಕ್ಷರ ಬದಲಾದರೂ ಆ ಮೌಲ್ಯ ಪೂರ್ತಿ ಬೇರೆಯಾಗುತ್ತದೆ. ನಮ್ಮ ಕಚೇರಿಗೆ ಬರುವವರು ವಾಟ್ಸಾಪ್ ಸಂದೇಶದ ಚಿತ್ರವನ್ನು ಮುದ್ರಿಸಿಕೊಂಡು ಬರುತ್ತಾರೆ, ಫೋನನ್ನು ಎಂದೋ ಮಾರಿರುತ್ತಾರೆ. ಜೀವನಾಂಶ ಕೇಳುವ ಹೆಂಗಸಿಗೆ, ಕೈಸಾಲ ಕೊಟ್ಟು ಕೂತವನಿಗೆ ಆ ಸಂದೇಶವೇ ಆಧಾರ. ಮೊದಲ ದಿನವೇ "ಫೋನು ಎಲ್ಲಿದೆ? ಏನನ್ನೂ ಅಳಿಸಬೇಡಿ" ಎಂದು ಹೇಳಬೇಕಾದವರು ವಕೀಲರು. ಆ ಮಾತನ್ನು ಗುಮಾಸ್ತರಿಗೆ ಬಿಟ್ಟುಕೊಡಲು ಬರುವುದಿಲ್ಲ.

ಹಾಗಾಗಿ ತರಬೇತಿ ಎಂದರೆ ಯಾವ ಗುಂಡಿ ಒತ್ತಬೇಕು ಎಂದು ತೋರಿಸುವ ಒಂದು ಮಧ್ಯಾಹ್ನದ ಶಿಬಿರವಾದರೆ ಸಾಲದು. ಗುಂಡಿಗಳು ಬದಲಾಗುತ್ತಿರುತ್ತವೆ, ಗುಮಾಸ್ತರು ನಮಗಿಂತ ಬೇಗ ಕಲಿಯುತ್ತಾರೆ. ಶಿಬಿರ ಕನ್ನಡದಲ್ಲಿ ನಡೆಯಬೇಕು, ಗುಮಾಸ್ತರೂ ವಕೀಲರೊಂದಿಗೆ ಒಂದೇ ಬೆಂಚಿನಲ್ಲಿ ಕೂರಬೇಕು. ಕೈ ಹೇಗೆ ಆಡಬೇಕೆಂದು ಅವರು ಹೇಳಿಕೊಡಲಿ, ಏಕೆಂದು ನಾವು ವಿವರಿಸೋಣ. ಗುಮಾಸ್ತರು ಎಷ್ಟೇ ಚೆನ್ನಾಗಿ ಟೈಪ್ ಮಾಡಿದರೂ, ಎದುರು ಪಕ್ಷದವರು ಹ್ಯಾಶ್ ಎಂದರೇನು ಎಂದು ಕೇಳಿದಾಗ ಕೋರ್ಟಿನಲ್ಲಿ ಎದ್ದು ನಿಂತು ಉತ್ತರಿಸಬೇಕಾದವರು ವಕೀಲರೇ.