ಹೇಳಿ ಬರೆಸುವವರು, ಕೇಳಿ ಬರೆಯುವವರು

ಈಚೆಗೆ ನಮ್ಮ ಮೊಹಲ್ಲಾದ ಹಿರಿಯ ಖಾಲಾ ಒಬ್ಬರನ್ನು ನೋಡಲು ಹೋಗಿದ್ದೆವು. ಎಪ್ಪತ್ತು ದಾಟಿದವರು. ಓದು ಬರಹ ಗೊತ್ತಿಲ್ಲ. ಕೈಯಲ್ಲಿ ಮೊಬೈಲು ಹಿಡಿದು, ಮೊಮ್ಮಗಳು ತೋರಿಸಿಕೊಟ್ಟ ಮೈಕಿನ ಗುರುತನ್ನು ಒತ್ತಿ, ಉರ್ದುವಿನಲ್ಲಿ ಮಾತಾಡುತ್ತಿದ್ದರು. ಆಡಿದ ಮಾತು ಅಕ್ಷರವಾಗಿ ಪರದೆಯ ಮೇಲೆ ಮೂಡುತ್ತಿತ್ತು. ರಿಯಾದಿನಲ್ಲಿರುವ ಮಗನಿಗೆ ಮಂಡಿ ನೋವಿನ ಸಂಗತಿ, ಡಾಕ್ಟರು ಹೇಳಿದ ಖರ್ಚು, ಸೊಸೆಯ ಬಗ್ಗೆ ಒಂದೆರಡು ಮಾತು. ಮುಗಿಸಿ ನಮ್ಮ ಕಡೆ ತಿರುಗಿ, "ಇದರೊಳಗೆ ಕೂತು ಬರೆಯುವವರು ಯಾರು ಬೇಟಾ?" ಎಂದರು.

"ಯಾರೂ ಇಲ್ಲ ಖಾಲಾ, ಮೆಷಿನ್ನು ಬರೆಯುತ್ತೆ" ಎಂದು ನಾವು ನಕ್ಕೆವು. ಮನೆಗೆ ಬಂದ ಮೇಲೆ ಆ ನಗು ನಮಗೇ ಸರಿಕಾಣಲಿಲ್ಲ.

ಆ ಪ್ರಶ್ನೆಯನ್ನು ನಮ್ಮನ್ನೇ ಕೇಳುವ ಹಕ್ಕು ಅವರಿಗಿತ್ತು. ಒಂದು ಕಾಲದಲ್ಲಿ ಅವರ ಪತ್ರಗಳನ್ನು ಬರೆಯುತ್ತಿದ್ದವರು ನಾವೇ. ಕೊಲ್ಲಿಗೆ ದುಡಿಯಲು ಹೋದವರ ಹೆಂಡಂದಿರು, ತಾಯಂದಿರು ನಮ್ಮ ಬೀದಿಯಲ್ಲಿ ಅನೇಕರಿದ್ದರು. ಉರ್ದು, ಕನ್ನಡ ಎರಡನ್ನೂ ಬರೆಯಬಲ್ಲ ಹತ್ತು ಹನ್ನೊಂದು ವರ್ಷದ ನಮಗೆ ಬೇಡಿಕೆ ಬಹಳ. ಖಾಲಾ ಬಾಗಿಲು ಹಾಕಿ, ಮಕ್ಕಳನ್ನು ಹೊರಗೆ ಕಳಿಸಿ, ಹೇಳಲು ಕೂರುತ್ತಿದ್ದರು. ಒಮ್ಮೆ ಅವರ ಬಳೆಗಳು ಗಿರವಿಗೆ ಹೋದ ಸಂಗತಿಯನ್ನು ಬರೆದು ಬಂದವರು ರಾತ್ರಿ ಊಟದ ಹೊತ್ತಿಗೆ ಅಮ್ಮನೆದುರು ಬಾಯಿಬಿಟ್ಟೆವು. ಅಮ್ಮ ಪೂರ್ತಿ ಕೇಳಲೇ ಇಲ್ಲ. "ಅದು ನಿನ್ನ ಮಾತಲ್ಲ, ಅಮಾನತ್ತು" ಎಂದು ಗದರಿ ಬಾಯಿ ಮುಚ್ಚಿಸಿದರು. ಅಮಾನತ್ತು ಎಂದರೆ ನಂಬಿ ಒಪ್ಪಿಸಿದ ವಸ್ತು. ಇಟ್ಟುಕೊಂಡವನು ಅದರ ಕಾವಲುಗಾರನೇ ಹೊರತು ಒಡೆಯನಲ್ಲ.

ಹೇಳಿ ಬರೆಸುವುದಕ್ಕೆ ಕನ್ನಡ ಶಾಲೆಯಲ್ಲಿ ಉಕ್ತಲೇಖನ ಎನ್ನುತ್ತಿದ್ದರು, ಉರ್ದು ಶಾಲೆಯಲ್ಲಿ ಇಮ್ಲಾ. ಇದರ ಚರಿತ್ರೆ ಬಹಳ ಹಳೆಯದು. ಆ ಚರಿತ್ರೆಯಲ್ಲಿ ಬರೆಯುವವನು ಯಾವತ್ತೂ ಕರಾರಿಲ್ಲದೆ ಕೂತವನಲ್ಲ. ವ್ಯಾಸರು ಹೇಳಿ ಗಣಪತಿ ಬರೆದ ಕಥೆಯನ್ನೇ ನೋಡಿ. ನಡುವೆ ನಿಲ್ಲಿಸಬಾರದೆಂದು ಗಣಪತಿಯ ಶರತ್ತು. ಅರ್ಥ ಮಾಡಿಕೊಳ್ಳದೆ ಬರೆಯಬಾರದೆಂದು ವ್ಯಾಸರ ಶರತ್ತು. ಬರಹಕ್ಕೆ ಮೊದಲು ಒಪ್ಪಂದ. ಕುರ್‌ಆನಿನ ಅತಿ ದೀರ್ಘ ಆಯತ್ತು, ಸೂರಾ ಬಖರಾದ 282ನೆಯದು, ಸಾಲಪತ್ರ ಬರೆಯುವ ಕ್ರಮವನ್ನು ಕುರಿತದ್ದು. ಅಲ್ಲಿ ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಆತ ಅಶಕ್ತನಾಗಿದ್ದರೆ ಅವನ ಪರವಾಗಿ ಪೋಷಕ ಹೇಳಬೇಕು. ಬರೆಯುವವನು ನ್ಯಾಯವಾಗಿ ಬರೆಯಬೇಕು. ಬರೆದವನಿಗೂ ಸಾಕ್ಷಿಗೂ ತೊಂದರೆಯಾಗಬಾರದು. ಕೈಯಲ್ಲಿ ಲೇಖನಿ ಇಲ್ಲದವನ ಹಿತವನ್ನು ಮೊದಲು ಕಾಯಬೇಕೆಂಬುದು ಇದರ ಒಳಗಿನ ತಿಳಿವಳಿಕೆ.

ನಮ್ಮ ನಾಡಿನಲ್ಲೇ ಹೈದರಾಲಿಗೆ ಓದು ಬರಹ ಬಾರದು. 1782ರಲ್ಲಿ ತೀರಿಕೊಳ್ಳುವವರೆಗೆ ಆತ ರಾಜ್ಯದ ಪತ್ರವ್ಯವಹಾರವನ್ನೆಲ್ಲ ಮುನ್ಶಿಗಳಿಗೆ ಹೇಳಿ ಬರೆಸಿಯೇ ನಡೆಸಿದ. ಮುನ್ಶಿಯ ನಂಬಿಕೆ ತಪ್ಪಿದರೆ ರಾಜ್ಯವೇ ತಪ್ಪುತ್ತಿತ್ತು. ಇಂಗ್ಲಿಷಿನ ಸೆಕ್ರೆಟರಿ ಎಂಬ ಪದವೂ ಗುಟ್ಟು ಎಂಬ ಅರ್ಥದ ಪದದಿಂದ ಹುಟ್ಟಿದ್ದು. ಕೇಳಿ ಬರೆಯುವವನೆಂದರೆ ಗುಟ್ಟು ಕಾಯುವವನು ಎಂದೇ ಲೋಕ ತಿಳಿದಿತ್ತು.

ಈ ಮನುಷ್ಯನನ್ನು ನಡುವಿನಿಂದ ತೆಗೆಯುವ ಆಸೆಯೂ ಹೊಸದಲ್ಲ. ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ. ಮರುವರ್ಷ ಅದರ ಉಪಯೋಗಗಳ ಪಟ್ಟಿ ಮಾಡಿದಾಗ ಮೊದಲು ಬರೆದದ್ದು ಹಾಡು ಸಂಗೀತವನ್ನಲ್ಲ, ಶೀಘ್ರಲಿಪಿಕಾರನ ಸಹಾಯವಿಲ್ಲದೆ ಪತ್ರ ಹೇಳಿ ಬರೆಸುವುದನ್ನು. ದೂರವಾಣಿಯಲ್ಲೂ ಇದೇ ಆಯಿತು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೋಜರ್ ಎಂಬ ಶವಸಂಸ್ಕಾರದ ವ್ಯಾಪಾರಿ ಇದ್ದ. ಎಕ್ಸ್‌ಚೇಂಜಿನ ಆಪರೇಟರ್ ತನಗೆ ಬರಬೇಕಾದ ಕರೆಗಳನ್ನು ಎದುರಾಳಿ ವ್ಯಾಪಾರಿಗೆ ತಿರುಗಿಸುತ್ತಿದ್ದಾರೆಂಬ ಅನುಮಾನ ಅವನದು ಎಂದು ಕಥೆ ಹೇಳುತ್ತಾರೆ. ಕಥೆ ಏನೇ ಇರಲಿ, 1891ರಲ್ಲಿ ಅವನು ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದದ್ದು ನಿಜ. ಮನುಷ್ಯ ಕೇಳಿಸಿಕೊಳ್ಳುತ್ತಾನೆ, ಯಂತ್ರ ಕೇಳಿಸಿಕೊಳ್ಳುವುದಿಲ್ಲ ಎಂಬ ನಂಬಿಕೆ ಅಂದಿನಿಂದ ಗಟ್ಟಿಯಾಯಿತು. ಖಾಲಾರ ಎದುರು ನಕ್ಕಾಗ ನಮ್ಮೊಳಗಿದ್ದದ್ದೂ ಅದೇ ನಂಬಿಕೆ.

ಆದರೆ ಯಂತ್ರದ ಹಿಂದೆ ಕಿವಿ ಇರಬಹುದೆಂಬುದನ್ನು ಕನ್ನಡಿಗರು ಬಹಳ ಹಿಂದೆಯೇ ಕಂಡಿದ್ದಾರೆ. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1996ರಲ್ಲಿ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮನೆಯಲ್ಲೋ ಕಚೇರಿಯಲ್ಲೋ ಕೂತು ಫೋನಿನಲ್ಲಿ ಆಡುವ ಮಾತು ಖಾಸಗಿತನದ ಹಕ್ಕಿನೊಳಗೆ ಬರುತ್ತದೆ ಎಂದಿತು. ಕದ್ದು ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶಕ್ಕೆ ಅವಧಿಯ ಮಿತಿ ಬೇಕು, ಅದನ್ನು ಪರಿಶೀಲಿಸಲು ಸಮಿತಿ ಬೇಕು ಎಂದು ವಿಧಿಸಿತು. ಈ ನಿಯಮಗಳು ಎಷ್ಟು ಪಾಲನೆಯಾದವು ಎಂಬುದು ಬೇರೆ ಪ್ರಶ್ನೆ. ಸರಕಾರದ ಕಿವಿಗೆ ಕಾಗದದ ಮೇಲಾದರೂ ಒಂದು ಸಹಿ, ಒಂದು ಗಡುವು ಇತ್ತು.

ಮಾತನ್ನು ಅಕ್ಷರ ಮಾಡುವ ಯಂತ್ರ ಈ ನಡುವೆ ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. 1952ರಲ್ಲಿ ಬೆಲ್ ಪ್ರಯೋಗಾಲಯದ 'ಆಡ್ರೆ' ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಗುರುತಿಸಿತು. 1962ರಲ್ಲಿ ಐಬಿಎಂ ಪ್ರದರ್ಶಿಸಿದ 'ಶೂಬಾಕ್ಸ್' ಹದಿನಾರು ಪದಗಳವರೆಗೆ ಬಂತು. 1997ರಲ್ಲಿ 'ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್' ಸಹಜ ವೇಗದಲ್ಲಿ ಆಡಿದ ಇಂಗ್ಲಿಷನ್ನು ಬರೆಯತೊಡಗಿತು. ಇವೆಲ್ಲ ಮಾತಾಡುವವನ ಎದುರಿಗಿದ್ದ ಪೆಟ್ಟಿಗೆಯೊಳಗೇ ಕೆಲಸ ಮುಗಿಸುತ್ತಿದ್ದವು. ಕೊಲ್ಲಿಯಿಂದ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ ಕ್ಯಾಸೆಟ್ ಪತ್ರಗಳೂ ಹಾಗೆಯೇ. ದನಿ ಟೇಪಿನಲ್ಲಿ, ಟೇಪು ನಮ್ಮ ಪೆಟ್ಟಿಗೆಯಲ್ಲಿ, ಬೀಗದ ಕೈ ನಮ್ಮ ಸೊಂಟದಲ್ಲಿ.

ಮೊಬೈಲು ಬಂದ ಮೇಲೆ ಇದು ಬದಲಾಯಿತು. ಅಂಗೈಯಗಲದ ಯಂತ್ರಕ್ಕೆ ಆಗ ಅಷ್ಟು ಶಕ್ತಿ ಇರಲಿಲ್ಲ. 2008ರಲ್ಲಿ ಗೂಗಲ್ ಐಫೋನಿಗೆ ತಂದ ದನಿಯ ಹುಡುಕಾಟವಾಗಲಿ, 2011ರಲ್ಲಿ ಆಪಲ್ ತಂದ ಸಿರಿಯಾಗಲಿ, ಆಡಿದ ಮಾತನ್ನು ಅಂತರಜಾಲದ ಮೂಲಕ ಕಂಪೆನಿಯ ದೂರದ ಕಂಪ್ಯೂಟರಿಗೆ ಕಳಿಸಿ, ಅಲ್ಲಿ ಅಕ್ಷರ ಮಾಡಿಸಿ, ವಾಪಸು ತರುತ್ತಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುವ ಈ ಪ್ರಯಾಣ ಯಾರಿಗೂ ಕಾಣುತ್ತಿರಲಿಲ್ಲ. ವ್ಯಾಪಾರದ ಗುಟ್ಟು ಬಲ್ಲವರಿಗೆ ಮಾತ್ರ ಕಂಡಿತು. ಐಬಿಎಂ ತನ್ನ ಕಚೇರಿಗಳ ಜಾಲದಲ್ಲಿ ಸಿರಿ ಬಳಸದಂತೆ ನೌಕರರನ್ನು ತಡೆದಿದೆ ಎಂಬುದು 2012ರಲ್ಲಿ ಬಯಲಾಯಿತು. ದನಿಯ ತುಣುಕುಗಳನ್ನು ಎರಡು ವರ್ಷದವರೆಗೆ ಇಟ್ಟುಕೊಳ್ಳುತ್ತೇವೆ, ಬಳಕೆದಾರರ ಗುರುತಿನ ಸಂಖ್ಯೆಯನ್ನು ಆರು ತಿಂಗಳಿಗೆ ಬೇರ್ಪಡಿಸುತ್ತೇವೆ ಎಂದು ಆಪಲ್ 2013ರಲ್ಲಿ ಹೇಳಿತು.

ಕನ್ನಡಕ್ಕೆ ಈ ಸೌಲಭ್ಯ ಬಂದದ್ದು 2017ರ ಆಗಸ್ಟಿನಲ್ಲಿ. ಗೂಗಲ್ ಮೂವತ್ತು ಹೊಸ ಭಾಷೆಗಳಿಗೆ ದನಿಯ ಟೈಪಿಂಗ್ ಒದಗಿಸಿದಾಗ ಅದರಲ್ಲಿ ಕನ್ನಡವೂ ಇತ್ತು, ಉರ್ದುವೂ ಇತ್ತು. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಆಡುವ ನಮ್ಮಂಥವರಿಗೆ ಎರಡೂ ಒಟ್ಟಿಗೆ ದಕ್ಕಿದವು. ಅದೇ ತಿಂಗಳ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕನ್ನಡದ ದನಿ ಪರಊರಿನ ಯಂತ್ರ ಸೇರಿದ್ದೂ, ಕನ್ನಡಿಗರೊಬ್ಬರ ಅರ್ಜಿಯಿಂದ ಖಾಸಗಿತನ ಹಕ್ಕಾದದ್ದೂ ಒಂದೇ ತಿಂಗಳಿನಲ್ಲಿ. ಎರಡರ ನಡುವೆ ಸಂಬಂಧವಿದೆ ಎಂದು ಆಗ ನಮಗೆ ಹೊಳೆದಿರಲಿಲ್ಲ.

ಹೊಳೆದದ್ದು 2019ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಒಂದು ವರದಿ ಪ್ರಕಟಿಸಿತು. ಅಮೆಜಾನ್ ಕಂಪೆನಿಯ ಅಲೆಕ್ಸಾ ಕೇಳಿದ ಮಾತುಗಳ ತುಣುಕುಗಳನ್ನು ಬಾಸ್ಟನ್, ಕೋಸ್ಟರಿಕಾ, ರುಮೇನಿಯ ಮತ್ತು ಭಾರತದಲ್ಲಿ ಕೂತ ನೌಕರರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಬರೆಯುತ್ತಿದ್ದರು. ಒಬ್ಬೊಬ್ಬರು ಒಂದು ಪಾಳಿಗೆ ಸಾವಿರ ತುಣುಕುಗಳವರೆಗೆ. ಜುಲೈನಲ್ಲಿ ಬೆಲ್ಜಿಯಂನ ವಿಆರ್‌ಟಿ ಪ್ರಸಾರ ಸಂಸ್ಥೆಗೆ ಗೂಗಲ್ ಅಸಿಸ್ಟೆಂಟಿನ ಸಾವಿರಕ್ಕೂ ಹೆಚ್ಚು ತುಣುಕುಗಳು ಸಿಕ್ಕವು. ಅವುಗಳಲ್ಲಿ 153, ಯಾರೂ ಯಂತ್ರವನ್ನು ಕರೆಯದೆಯೇ ದಾಖಲಾದವು. ಅದೇ ತಿಂಗಳು ಗಾರ್ಡಿಯನ್ ಪತ್ರಿಕೆ ಸಿರಿಯ ಕಥೆ ಹೊರಹಾಕಿತು. ರೋಗಿ ಮತ್ತು ವೈದ್ಯರ ಮಾತು, ಗಂಡ ಹೆಂಡಿರ ಏಕಾಂತ, ಎಲ್ಲವೂ ಗುತ್ತಿಗೆ ನೌಕರರ ಕಿವಿಗೆ ಬೀಳುತ್ತಿತ್ತು. ಕೇಳುವುದು ಒಟ್ಟು ತುಣುಕುಗಳಲ್ಲಿ ಶೇಕಡಾ 0.2ರಷ್ಟನ್ನು ಎಂದು ಗೂಗಲ್, ಶೇಕಡಾ 1ಕ್ಕಿಂತ ಕಡಿಮೆ ಎಂದು ಆಪಲ್ ಸಮಜಾಯಿಷಿ ಕೊಟ್ಟವು.

ಮನುಷ್ಯರೇಕೆ ಕೇಳಬೇಕು? ಇಮ್ಲಾ ತರಗತಿಯನ್ನು ನೆನೆಸಿಕೊಂಡರೆ ಅರ್ಥವಾಗುತ್ತದೆ. ಮೇಷ್ಟ್ರು ಹೇಳುತ್ತಾರೆ, ಹುಡುಗ ಬರೆಯುತ್ತಾನೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ತಿದ್ದದಿದ್ದರೆ ಹುಡುಗ ಕಲಿಯುವುದಿಲ್ಲ. ಯಂತ್ರವೂ ಇಮ್ಲಾ ಬರೆಯುವ ಹುಡುಗನೇ. ಅದರ ಕಾಪಿ ತಿದ್ದಲು ಯಾರಾದರೂ ಮೂಲ ದನಿಯನ್ನು ಕೇಳಲೇಬೇಕು. ತಪ್ಪು ಇರುವುದು ತಿದ್ದುವುದರಲ್ಲಲ್ಲ, ತಿದ್ದುವವರು ಇದ್ದಾರೆಂಬುದನ್ನು ಮಾತಾಡಿದವರಿಗೆ ಸ್ಪಷ್ಟವಾಗಿ ತಿಳಿಸದೆ ಇದ್ದುದರಲ್ಲಿ.

ಬ್ಲೂಮ್‌ಬರ್ಗ್ ವರದಿಯ ಇನ್ನೊಂದು ಅಂಶ ನಮ್ಮನ್ನು ಕಾಡುತ್ತದೆ. ಆ ನೌಕರರಿಂದ ಗುಟ್ಟು ಕಾಯುವ ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತು. ಯಾರ ಗುಟ್ಟು? ಇಂಥ ಕೆಲಸ ನಡೆಯುತ್ತಿದೆ ಎಂಬ ಕಂಪೆನಿಯ ಗುಟ್ಟು. ಮುನ್ಶಿಯ ನಿಷ್ಠೆ ಹೇಳಿ ಬರೆಸಿದವರಿಗೆ ಸಲ್ಲುತ್ತಿತ್ತು. ಇಲ್ಲಿ ಅದು ಸಂಬಳ ಕೊಟ್ಟವರಿಗೆ ಸಂದಿತು. ಅಮಾನತ್ತು ತಲೆಕೆಳಗಾಯಿತು. ನಮ್ಮ ಪ್ರಕಾರ ಖಾಸಗಿತನದ ಈ ಪ್ರಶ್ನೆಯ ತಿರುಳು ಇದೇ. ಕೇಳುವ ಕಿವಿ ಎಲ್ಲ ಕಾಲದಲ್ಲೂ ಇತ್ತು. ಆ ಕಿವಿ ಯಾರಿಗೆ ಉತ್ತರದಾಯಿ ಎಂಬುದು ಬದಲಾಯಿತು.

ಆಮೇಲೆ ಕೆಲವು ಒಳ್ಳೆಯದೂ ನಡೆಯಿತು. ಆಪಲ್ ಕ್ಷಮೆ ಕೇಳಿತು. 2019ರ ಕೊನೆಯ ಹೊತ್ತಿಗೆ, ಬಳಕೆದಾರರು ಒಪ್ಪಿದರೆ ಮಾತ್ರ ಅವರ ದನಿಯನ್ನು ಕೇಳುವುದೆಂದು ಮಾಡಿತು. ಹೇಳಿ ಬರೆಸುವ ಸೌಲಭ್ಯಕ್ಕೂ ಅದೇ ಒಪ್ಪಿಗೆ ಅನ್ವಯಿಸಿತು. ಅದೇ ವರ್ಷದ ಮಾರ್ಚಿನಲ್ಲಿ ಗೂಗಲ್, ಫೋನಿನೊಳಗೇ ದನಿಯನ್ನು ಅಕ್ಷರ ಮಾಡುವ ವ್ಯವಸ್ಥೆಯನ್ನು ತನ್ನ ಪಿಕ್ಸೆಲ್ ಫೋನುಗಳಿಗೆ ತಂದಿತ್ತು. 80 ಮೆಗಾಬೈಟಿನಷ್ಟು ಸಣ್ಣದು. ಆದರೆ ಮೊದಲು ಬಂದದ್ದು ಅಮೆರಿಕದ ಇಂಗ್ಲಿಷಿಗೆ. ಮಾತಿಗೆ ಪರದೆ ಬೇಕಾದಾಗಲೂ ದೊಡ್ಡ ಭಾಷೆಗೇ ಮೊದಲ ಸರದಿ. ಮಕ್ಕಳ ದನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ 2023ರಲ್ಲಿ ಅಮೆಜಾನ್ ಅಮೆರಿಕದಲ್ಲಿ ಎರಡೂವರೆ ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಸಿರಿಯ ಮೊಕದ್ದಮೆಯಲ್ಲಿ ಆಪಲ್, ತಪ್ಪನ್ನು ಒಪ್ಪದೆಯೇ, ಒಂಬತ್ತೂವರೆ ಕೋಟಿ ಡಾಲರ್ ಕೊಡಲು ಮುಂದಾದದ್ದು 2025ರ ಜನವರಿಯಲ್ಲಿ ಬಯಲಾಯಿತು. ಇಷ್ಟಾದರೂ ದಾರಿ ನೇರವಾಗಿಲ್ಲ. ದನಿಯನ್ನು ಹೊರಗೆ ಕಳಿಸಬೇಡ ಎಂದು ಹೇಳಲು ಕೆಲವು ಎಕೋ ಸಾಧನಗಳಲ್ಲಿ ಇದ್ದ ಅವಕಾಶವನ್ನು ಅಮೆಜಾನ್ 2025ರ ಮಾರ್ಚಿನಲ್ಲಿ ತೆಗೆದುಹಾಕಿತು.

ನಮ್ಮಲ್ಲಿ ದತ್ತಾಂಶ ರಕ್ಷಣೆಯ ಕಾನೂನು 2023ರಲ್ಲಿ ಬಂತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪೆನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು ಕೊಡಲಾಯಿತು. ಈ ಕಾನೂನಿನ ಒಂದು ಅಂಶವನ್ನು ಓದುಗರು ನೆನಪಿಡಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಕನ್ನಡ, ಉರ್ದು ಎರಡೂ ಆ ಅನುಸೂಚಿಯಲ್ಲಿವೆ.

ನಾವು ಈ ಯಂತ್ರದ ವಿರೋಧಿಗಳಲ್ಲ. ಅಕ್ಷರ ಕಲಿಯದ ಹೆಂಗಸು ಇನ್ನೊಬ್ಬರ ಮಗುವನ್ನು ಕರೆಯದೆ ತನ್ನ ಪತ್ರವನ್ನು ತಾನೇ ಬರೆಯುವುದು ಸಣ್ಣ ಬಿಡುಗಡೆಯಲ್ಲ. ಯಂತ್ರ ನಮ್ಮ ಭಾಷೆ ಕಲಿಯಬೇಕಾದರೆ ನಮ್ಮ ದನಿಯೂ ಬೇಕು. ಕೇಳಿ, ಒಪ್ಪಿಗೆ ಪಡೆದು ದನಿ ಸಂಗ್ರಹಿಸುವ ದಾರಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ದೇಶದ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸಲು ಹೊರಟ 'ವಾಣಿ' ಯೋಜನೆ ಇದೆ. ಕನ್ನಡ ವಾಕ್ಯ ಓದಿಕೊಟ್ಟ ಹಳ್ಳಿಗರಿಗೆ ಸಂಭಾವನೆ ಕೊಟ್ಟ ಬೆಂಗಳೂರಿನ 'ಕಾರ್ಯ' ಸಂಸ್ಥೆ ಇದೆ. ಕೇಳಿ ಪಡೆದದ್ದಕ್ಕೂ ಕೇಳದೆ ಇಟ್ಟುಕೊಂಡದ್ದಕ್ಕೂ ಇರುವ ಅಂತರವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ಮತ್ತೆ ಖಾಲಾ ಮನೆಗೆ ಹೋದೆವು. ಈ ಸಲ ನಗಲಿಲ್ಲ. ಅವರ ಮೊಬೈಲಿನ ಅಂತರಜಾಲವನ್ನು ಪೂರ್ತಿ ನಿಲ್ಲಿಸಿ, ಮಾತಾಡಿ ನೋಡಿ ಎಂದೆವು. ಅಕ್ಷರ ಮೂಡಲಿಲ್ಲ. "ನೀವು ಆಡಿದ್ದು ಹೊರಗೆ ಹೋಗಿ, ಬರಹವಾಗಿ ಬರುತ್ತೆ ಖಾಲಾ. ಅಲ್ಲಿ ಬರೆಯುವುದು ಮೆಷಿನ್ನೇ. ಆದರೆ ಒಮ್ಮೊಮ್ಮೆ ಅದರ ಹಿಂದೆ ಮನುಷ್ಯರೂ ಇರಬಹುದು" ಎಂದೆವು. ಮೊಮ್ಮಗಳ ಜೊತೆ ಕೂತು, ದನಿಯನ್ನು ಉಳಿಸಿಕೊಳ್ಳಲು ಕೊಟ್ಟಿದ್ದ ಅನುಮತಿಯನ್ನು ಹುಡುಕಿ ತೆಗೆಸಿದೆವು.

ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅವರಿಗೂ ಅಮ್ಮ ಇರುತ್ತಾಳಲ್ಲ ಬೇಟಾ, ಹೇಳಿಕೊಟ್ಟಿರುವುದಿಲ್ಲವೇ?"