ಸಂಪಾಜೆಯ ಮಗುವೂ ವಿಜ್ಞಾನದ ಪರಿಹಾರ ಪಾಠವೂ



ಮಂಗಳೂರಿನಿಂದ ಪುತ್ತೂರು, ಸುಳ್ಯಗಳನ್ನು ದಾಟಿ ಮಡಿಕೇರಿಗೆ ಹೊರಟ ಪ್ರಯಾಣಿಕನಿಗೆ ಘಟ್ಟದ ಬುಡದಲ್ಲಿ ಎದುರಾಗುವ ಊರು ಸಂಪಾಜೆ. ಈ ಹೆಸರಿನ ಗ್ರಾಮವು ಕೊಡಗಿನಲ್ಲಿಯೂ ಉಂಟು, ನೆರೆಯ ಸುಳ್ಯ ತಾಲ್ಲೂಕಿನಲ್ಲಿಯೂ ಉಂಟು. ಮನೆಯಲ್ಲಿ ಅರೆಭಾಷೆಯನ್ನೋ ತುಳುವನ್ನೋ ಮಲಯಾಳವನ್ನೋ ಆಡುವ ಇಲ್ಲಿನ ಮಗು ಶಾಲೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂಬ ಶಬ್ದವನ್ನು ಎದುರಿಸಬೇಕು. ವಿಜ್ಞಾನದಲ್ಲಿ ಹಿಂದೆ ಬಿದ್ದ ಇಂತಹ ಮಕ್ಕಳನ್ನು ಕೈಹಿಡಿದು ನಡೆಸಲು ನಮ್ಮ ನಾಡು ಏನೇನು ಮಾಡಿತೆಂಬುದನ್ನು ತಮ್ಮೊಡನೆ ಕೊಂಚ ವಿಚಾರ ಮಾಡಬಯಸುತ್ತೇನೆ. ಪ್ರಸಾದನಿಲಯದ ದೀಪದಡಿಯಲ್ಲಿ ಕುಳಿತು, ಅರ್ಥವಾಗದ ಸೂತ್ರಗಳನ್ನು ಉರುಹೊಡೆದ ನೆನಪು ತಮ್ಮಲ್ಲಿ ಅನೇಕರಿಗೆ ಇದ್ದೀತು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಬೇಕೆಂಬ ಛಲ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಸಂಪಾಜೆಯ ಹಾದಿಯಲ್ಲಿಯೇ ಇರುವ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮಕ್ಕಳ ಕೈಗಿತ್ತರು. ಇವೆಲ್ಲವೂ ವಂದನೀಯವಾದ ಕಾರ್ಯಗಳೇ. ಆದರೆ ಇವು ಓದಬಲ್ಲ ಮಗುವಿಗಾಗಿ ಆದವು. ಇಂತಹ ಮೆಟ್ಟಿಲಿನಲ್ಲಿಯೇ ಇಂತಹ ಮಗು ಎಡವಿತೆಂದು ಗುರುತಿಸಿ, ಅದಕ್ಕೆಂದೇ ಸಿದ್ಧಪಡಿಸಿದ ಸಾಮಗ್ರಿಯಲ್ಲ.

ಆ ವಿಚಾರವನ್ನು ಶಾಸ್ತ್ರೀಯವಾಗಿ ಮಂಡಿಸಿದವರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಪ್ರಮುಖನು. 1968ರಲ್ಲಿ ಆತನು ಹೇಳಿದ್ದು ಇಷ್ಟು: ಪ್ರತಿಯೊಂದು ಘಟಕದ ಕೊನೆಗೆ ಅಂಕಕ್ಕಾಗಿ ಅಲ್ಲದ ಕಿರುಪರೀಕ್ಷೆಯಿರಲಿ, ತಪ್ಪಿದವನಿಗೆ ತಪ್ಪಿದ ಅಂಶಕ್ಕೆ ಮಾತ್ರ ಬೇರೆ ಪಾಠವಿರಲಿ, ಬಳಿಕ ಮತ್ತೊಮ್ಮೆ ಪರೀಕ್ಷಿಸಿರಿ. ನಮ್ಮ ಶಾಲೆಗಳಲ್ಲಿ ವರ್ಷಾರಂಭದಲ್ಲಿ ನಡೆಯುವ ‘ಸೇತುಬಂಧ’ದ ಕ್ರಮವೂ ಇದೇ: ಪೂರ್ವಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ. ಕ್ರಮವೇನೋ ಸರಿಯಾದುದೇ, ಆದರೆ ಕೆಲವೇ ದಿನಗಳಲ್ಲಿ ಎಷ್ಟು ಸೇತುವೆಯನ್ನು ಕಟ್ಟಲಾದೀತು?

ಹತ್ತನೆಯ ತರಗತಿಯ ಹೊತ್ತಿಗಂತೂ ಪರಿಹಾರ ಬೋಧನೆಯೆಂದರೆ ‘ಪಾಸಿಂಗ್ ಪ್ಯಾಕೇಜ್’ ಎಂದೇ ಆಗಿಬಿಟ್ಟಿದೆ. ನಾಲ್ಕಾರು ಚಿತ್ರಗಳು, ಹಲವು ವ್ಯಾಖ್ಯೆಗಳು, ಮರಳಿ ಮರಳಿ ಬರುವ ಪ್ರಶ್ನೆಗಳು. ಇದನ್ನು ಹಳಿಯುವುದು ಸುಲಭ. ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣಳಾದ ಬಡ ಹುಡುಗಿಯ ಓದು ಅಲ್ಲಿಗೇ ನಿಂತುಹೋಗುವುದನ್ನು ಕಂಡವರು ಹಳಿಯಲಾರರು. ಆದರೂ ಅದು ದಾಟಿಸುವ ದೋಣಿಯೇ ಹೊರತು ಈಜು ಕಲಿಸುವುದಲ್ಲ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಗುಡ್ಡಗಳು ಜರಿದು ಘಟ್ಟದ ರಸ್ತೆ ಮುಚ್ಚಿಹೋಯಿತು. ಮನೆ ಕಳೆದುಕೊಂಡ ಕುಟುಂಬಗಳು ಸಂಪಾಜೆಯ ಆಸುಪಾಸಿನ ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದುವು. (‘ಪರಿಹಾರ’ವೆಂಬ ಒಂದೇ ಶಬ್ದ ಅನ್ನಕ್ಕೂ ಅಕ್ಷರಕ್ಕೂ ಸಲ್ಲುತ್ತದೆ, ನೋಡಿರಿ.) ಆ ಗಾಯ ಮಾಯುವುದರೊಳಗೆ, 2020ರಲ್ಲಿ, ಮಹಾಮಾರಿಯು ನಾಡಿನ ಎಲ್ಲ ಶಾಲೆಗಳ ಬಾಗಿಲನ್ನು ಮುಚ್ಚಿಸಿತು. 2021ರ ಜುಲೈಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ದಿನ, ಬಹುಆಯ್ಕೆಯ ಪ್ರಶ್ನೆಗಳಲ್ಲಿ ಮುಗಿಸಲಾಯಿತು. ಬರೆದವರು ಬಹುತೇಕ ಎಲ್ಲರೂ ಉತ್ತೀರ್ಣರಾದರು. ಉತ್ತೀರ್ಣರಾದವರಿಗೆ ಏನು ತಿಳಿದಿತ್ತೆಂದು ಕೇಳುವವರಿರಲಿಲ್ಲ. 2022-23ನೆಯ ಸಾಲಿನಲ್ಲಿ ರಾಜ್ಯ ಸರ್ಕಾರವು ‘ಕಲಿಕಾ ಚೇತರಿಕೆ’ಯನ್ನು ಕೈಗೊಂಡು, ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಕಲಿಕಾ ಹಾಳೆಗಳನ್ನು ಒದಗಿಸಿದಾಗ ಆ ಪ್ರಶ್ನೆಗೆ ಮನ್ನಣೆ ದೊರೆಯಿತು.

ಇಂತಹ ಹಾಳೆಯೊಂದು ನಿಜವಾಗಿ ಮಾಡಬೇಕಾದುದೇನು? ಸಂಪಾಜೆಯ ಅಡಕೆ ತೋಟದ ಮಗುವನ್ನೇ ತೆಗೆದುಕೊಳ್ಳಿರಿ. “ಇಷ್ಟು ಎತ್ತರದ ಮರಕ್ಕೆ ಇಷ್ಟು ತೂಕ ಎಲ್ಲಿಂದ ಬಂತು?” ಎಂದು ಕೇಳಿದರೆ “ಮಣ್ಣಿನಿಂದ, ಗೊಬ್ಬರದಿಂದ” ಎಂದೇ ಅದು ಉತ್ತರಿಸೀತು. ಮನೆಯಲ್ಲಿ ಗೊಬ್ಬರವನ್ನೇ ಮರದ ಆಹಾರವೆಂದು ಕೇಳಿ ಬೆಳೆದ ಮಗುವಿನ ಉತ್ತರ ಮೌಢ್ಯವಲ್ಲ, ತರ್ಕವೇ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ನೂರು ಸಲ ಬರೆಯಿಸಿದರೂ ಈ ನಂಬಿಕೆ ಅಲುಗದು. ಅದರ ಬದಲು ಹಾಳೆಯಲ್ಲಿ ವಾನ್ ಹೆಲ್ಮಾಂಟನ ಪ್ರಯೋಗವನ್ನು ಕೊಡಿರಿ. 1648ರಲ್ಲಿ ಪ್ರಕಟವಾದ ಅವನ ಬರಹದಂತೆ, ಒಣಗಿಸಿ ತೂಗಿದ 200 ಪೌಂಡು ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿಯನ್ನು ನೆಟ್ಟು ನೀರನ್ನು ಮಾತ್ರ ಎರೆಯಲಾಗಿತ್ತು. 5 ವರ್ಷಗಳ ಬಳಿಕ ಮರದ ತೂಕ 169 ಪೌಂಡು ಮೀರಿತ್ತು. ಮಣ್ಣಿನಲ್ಲಿ ಕಡಿಮೆಯಾದುದು ಸುಮಾರು 2 ಔನ್ಸು! ಈ ಅಂಕಿಗಳನ್ನು ಮಗು ತಾನೇ ಕಳೆದು ನೋಡಲಿ. “ಹಾಗಾದರೆ ಉಳಿದದ್ದು ಎಲ್ಲಿಂದ?” ಎಂಬ ಪ್ರಶ್ನೆ ಅದರ ಬಾಯಿಂದಲೇ ಬರುವುದು.

ಹೆಲ್ಮಾಂಟನೂ ಮರವೆಲ್ಲ ನೀರಿನಿಂದಲೇ ಆಯಿತೆಂದು ತಪ್ಪಾಗಿ ತೀರ್ಮಾನಿಸಿದ್ದನು. ಗಾಳಿಯ ಪಾಲನ್ನು ಸೊಸ್ಯೂರ್ ತೂಗಿ ತೋರಿಸಿದ್ದು 1804ರಲ್ಲಿ. ಜಗತ್ತಿನ ಪಂಡಿತರಿಗೆ ಒಂದೂವರೆ ಶತಮಾನ ಹಿಡಿದ ಈ ಹೆಜ್ಜೆಗೆ ಘಟ್ಟದ ಬುಡದ ಮಗುವಿಗೆ ನಾವು ನಲವತ್ತು ನಿಮಿಷದ ಒಂದು ಅವಧಿಯನ್ನು ಕೊಡುತ್ತಿದ್ದೇವೆ.